ಸಾರನಾಥದ ಸಿಂಹ, ಮಸ್ಕಿಯ ಕಲ್ಲು

2024ರ ಸ್ವಾತಂತ್ರ್ಯ ದಿನ ಮುಗಿದ ಮರುವಾರ ನನ್ನ ಮಗಳು ಶಾಲೆಯಿಂದ ಒಂದು ಪ್ರಾಜೆಕ್ಟ್ ಹೊತ್ತು ತಂದಳು. ಐದನೇ ಕ್ಲಾಸು. ವಿಷಯ: ರಾಷ್ಟ್ರೀಯ ಚಿಹ್ನೆಗಳು. ಧ್ವಜ, ಲಾಂಛನ, ಹುಲಿ, ನವಿಲು, ಕಮಲ ಎಲ್ಲದರ ಚಿತ್ರ ಬರೆದು ಒಂದೊಂದರ ಬಗ್ಗೆ ನಾಲ್ಕು ಸಾಲು ಬರೆಯಬೇಕು. ಕೊನೆಯ ಪುಟದಲ್ಲಿ ಒಂದು ಪ್ರಶ್ನೆ: ನಿಮ್ಮ ಊರಿಗೂ ಇವುಗಳಲ್ಲಿ ಯಾವುದಕ್ಕಾದರೂ ನಂಟಿದೆಯೇ? ದಸರಾ ರಜೆಗೆ ಮೊದಲು ಒಪ್ಪಿಸಬೇಕು.

ಸಿಂಹಗಳನ್ನು ಬರೆದು ಕೆಳಗೆ ‘ಸಾರನಾಥ, ಉತ್ತರಪ್ರದೇಶ’ ಎಂದು ಬರೆದಳು. ಕೊನೆಯ ಪುಟಕ್ಕೆ ಬಂದಾಗ ಪೆನ್ನು ನಿಂತಿತು. “ಅಪ್ಪಾ, ನಮ್ಮ ಊರು ಯಾವ್ದು? ಹೈದರಾಬಾದ್ ಬರೀಲಾ, ರಾಯಚೂರು ಬರೀಲಾ?”

“ರಾಯಚೂರು ಬರಿ.”

“ಅಲ್ಲಿಂದ ಏನರ ಐತಾ ಇದ್ರಾಗ?”

ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, “ಇಲ್ಲ ಅನಸ್ತದವ್ವ, ಅದೊಂದು ಬಿಟ್ಟುಬಿಡು” ಅಂದೆ. ಅವಳು ಬಿಟ್ಟುಬಿಟ್ಟಳು.

ರಾತ್ರಿ ಊರಿಗೆ ಫೋನ್ ಮಾಡಿದಾಗ ಮಾತಿಗೆ ಮಾತು ಬಂದು ಇದನ್ನೂ ಹೇಳಿದೆ. ಅಪ್ಪ ಪೋಸ್ಟ್ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಸಿಟ್ಟು ಮಾಡಿಕೊಳ್ಳುವವರಲ್ಲ. ಆವತ್ತು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಷ್ಟ ಓದಿ ಹಿಂಗಂತೀಯಲ್ಲೋ. ಆ ಸಿಂಹದ ಯಜಮಾನನ ಹೆಸರು ಗಟ್ಟಿ ಆಗಿದ್ದ ನಮ್ಮ ಮಸ್ಕಿ ಕಲ್ಲಿಂದ. ಮೊಮ್ಮಗಳಿಗೆ ಏನೂ ಇಲ್ಲ ಅಂದ್ಯಾ?” ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಮಸ್ಕಿ ನಮ್ಮೂರಿಂದ ಹದಿನೈದು ಕಿಲೋಮೀಟರ್. ಪಿಯುಸಿ ಓದಲು ಎರಡು ವರ್ಷ ಸಿಂಧನೂರಿಗೆ ಹೋಗಿ ಬರುವಾಗ ಬಸ್ಸು ದಿನಾ ಎರಡು ಸಲ ಮಸ್ಕಿಯಲ್ಲಿ ನಿಲ್ಲುತ್ತಿತ್ತು. ಅಲ್ಲಿ ಮಿರ್ಚಿ ಭಜಿ ತಿಂದಿದ್ದೇನೆ, ಜಾತ್ರೆ ಮಾಡಿದ್ದೇನೆ. ಅಶೋಕನ ಶಾಸನದ ಗುಡ್ಡವನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೆ, ಹತ್ತಿರಲಿಲ್ಲ. ಎಂ.ಟೆಕ್ ಮುಗಿಸಿ ಹೈದರಾಬಾದಿಗೆ ಬಂದು ಹದಿಮೂರು ವರ್ಷವಾಯಿತು. ದೇಶ ಸುತ್ತಿ ಸಾಂಚಿ ನೋಡಿದ್ದೇನೆ, ಸಾರನಾಥದ ಮ್ಯೂಸಿಯಂನಲ್ಲಿ ಸಿಂಹಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೇನೆ.

ಅಪ್ಪನ ಮಾತು ಎಷ್ಟು ನಿಜ ಎಂದು ಆ ರಾತ್ರಿಯೇ ಓದಲು ಕುಳಿತೆ. ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದ್ದು 1837ರಲ್ಲಿ. ಕಂಬ, ಬಂಡೆಗಳ ಮೇಲೆಲ್ಲ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಸಿಕ್ಕವು. ದೇವರಿಗೆ ಪ್ರಿಯನಾದ ಈ ರಾಜ ಯಾರು? ಪ್ರಿನ್ಸೆಪ್ ಮೊದಲು ಸಿಂಹಳದ ರಾಜನಿರಬೇಕು ಅಂದುಕೊಂಡಿದ್ದ. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಪಾಲಿ ಗ್ರಂಥಗಳನ್ನು ನೋಡಿ, ಇವನು ಮೌರ್ಯ ದೊರೆ ಅಶೋಕನೇ ಎಂದು ತೋರಿಸಿದ. ವಿದ್ವಾಂಸರು ಅದನ್ನು ಒಪ್ಪಿಕೊಂಡರೂ, ಆ ರಾಜನೇ ಬರೆಸಿದ ಕಲ್ಲುಗಳ ಮೇಲೆ ಆ ಹೆಸರು ಮಾತ್ರ ಎಲ್ಲಿಯೂ ಸಿಕ್ಕಿರಲಿಲ್ಲ.

ಅದು ಸಿಕ್ಕಿದ್ದು 1915ರಲ್ಲಿ, ಮಸ್ಕಿಯಲ್ಲಿ. ನಮ್ಮ ಭಾಗದಲ್ಲಿ ಹಟ್ಟಿ ಚಿನ್ನದ ಗಣಿ ಇರುವುದು ನಿಮಗೆ ಗೊತ್ತು. ಆ ಸೀಮೆಯಲ್ಲಿ ಚಿನ್ನ ಹುಡುಕುತ್ತಿದ್ದ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್‌ಗೆ ಗುಡ್ಡದ ಬಂಡೆಯ ಮೇಲೆ ಅಕ್ಷರ ಕಂಡವು. ಓದಿ ಪ್ರಕಟಿಸಿದವರು ಹೊಸಕೋಟೆ ಕೃಷ್ಣಶಾಸ್ತ್ರಿಗಳು. ರಾಯಚೂರು ಆಗ ನಿಜಾಮರ ರಾಜ್ಯದಲ್ಲಿತ್ತು, ಹೈದರಾಬಾದಿನ ಪುರಾತತ್ವ ಇಲಾಖೆ ಹುಟ್ಟಿ ಒಂದು ವರ್ಷವಾಗಿತ್ತಷ್ಟೆ. ಆ ಇಲಾಖೆಯ ಪ್ರಕಟಣ ಮಾಲೆಯ ಮೊದಲನೇ ಸಂಖ್ಯೆಯೇ ಮಸ್ಕಿ ಶಾಸನ. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರನ್ನು ತೋರಿಸಿದ ಮೊದಲ ಕಲ್ಲು ಅದು. ಆಮೇಲೆ ಮಧ್ಯಪ್ರದೇಶದ ಗುಜರ್ರಾ, ನಮ್ಮ ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉದೇಗೋಳಗಳಲ್ಲೂ ಹೆಸರು ಸಿಕ್ಕಿತು. ಹೆಸರಿರುವ ಈ ನಾಲ್ಕರಲ್ಲಿ ಮೂರು ಕರ್ನಾಟಕದಲ್ಲಿವೆ. ಅಪ್ಪ ಹೇಳಿದ್ದು ಸರಿಯಾಗಿತ್ತು.

ಇದನ್ನು ಶಾಲೆಯಲ್ಲಿ ನನಗೆ ಯಾರೂ ಹೇಳಲಿಲ್ಲವೋ, ಹೇಳಿದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲವೋ, ನೆನಪಿಲ್ಲ. ಇತಿಹಾಸವೆಂದರೆ ಪಾಟಲಿಪುತ್ರ, ದಿಲ್ಲಿ, ಪ್ಲಾಸಿ. ಅದು ಎಲ್ಲೋ ದೂರದಲ್ಲಿ ನಡೆಯುವಂಥದ್ದು, ನಮ್ಮ ಪಾಲಿಗೆ ಪರೀಕ್ಷೆಯ ಪ್ರಶ್ನೆಯಾಗಿ ಬರುವಂಥದ್ದು ಎಂದೇ ತಿಳಿದು ಬೆಳೆದೆವು.

ದೇಶದ ಮುದ್ರೆಯಾಗಿ ಈ ಸಿಂಹಗಳು ಬಂದ ಬಗೆಯನ್ನೂ ಆಗಲೇ ಓದಿದ್ದು. ಸಾರನಾಥದ ಸಿಂಹಗಳನ್ನು 1905ರ ಉತ್ಖನನದಲ್ಲಿ ಮಣ್ಣಿನಿಂದ ಎತ್ತಿದರು. 1947ರ ಜುಲೈ 22ರಂದು ಸಂವಿಧಾನ ಸಭೆ ಧ್ವಜದ ನಡುವೆ ಅದೇ ಕಂಬದ ಚಕ್ರವನ್ನು ಒಪ್ಪಿತು. 1950ರ ಜನವರಿ 26ರಂದು ಸಿಂಹಗಳು ರಾಷ್ಟ್ರ ಲಾಂಛನವಾದವು. ಆ ಮೂರು ವರ್ಷಗಳಲ್ಲಿ ದೇಶ ಎಷ್ಟು ರಕ್ತ ನೋಡಿತ್ತು ಎಂದು ಲೆಕ್ಕ ಹಾಕಿ. ಗೆದ್ದ ರಾಜರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದರು. ಅವರನ್ನೆಲ್ಲ ಬಿಟ್ಟು, ಕಳಿಂಗವನ್ನು ಗೆದ್ದ ಮೇಲೆ ಅಲ್ಲಿ ಸತ್ತವರಿಗಾಗಿ ನೊಂದೆ ಎಂದು ಬಂಡೆಯ ಮೇಲೆ ಬರೆಸಿದ ರಾಜನ ಗುರುತನ್ನು ಆರಿಸಿಕೊಂಡರು. ಅದು ತಾನಾಗಿ ಬಂದ ಪರಂಪರೆಯಲ್ಲ, ಬೇಕೆಂದು ಮಾಡಿದ ಆಯ್ಕೆ.

ಆಯ್ಕೆಗೆ ರೂಪ ಕೊಟ್ಟವರು ಕಲಾವಿದರು. ಸಂವಿಧಾನದ ಮೂಲ ಪ್ರತಿಯ ಪುಟಗಳಿಗೆ ಚಿತ್ರ ಬರೆಯುವ ಕೆಲಸ ಶಾಂತಿನಿಕೇತನದ ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರಿಗೆ ಬಂತು. ಮೊಹೆಂಜೊದಾರೊ ಮುದ್ರೆಯ ಗೂಳಿಯಿಂದ ಗಾಂಧೀಜಿಯವರ ತನಕ ಈ ನೆಲದ ಕಥೆ ಆ ಪುಟಗಳಲ್ಲಿದೆ. ಸಿಂಹಗಳನ್ನು ಬರೆದವರು ದೀನಾನಾಥ ಭಾರ್ಗವ, ಆಗಿನ್ನೂ ಇಪ್ಪತ್ತು ದಾಟಿದ ವಿದ್ಯಾರ್ಥಿ. ಸಿಂಹ ಹೇಗೆ ನಿಲ್ಲುತ್ತದೆ, ಹೇಗೆ ನೋಡುತ್ತದೆ ಎಂದು ತಿಳಿಯಲು ಗುರುಗಳು ಅವರನ್ನು ಕೋಲ್ಕತ್ತದ ಮೃಗಾಲಯಕ್ಕೆ ಕಳಿಸುತ್ತಿದ್ದರು ಎಂದು ಭಾರ್ಗವರ ಮನೆಯವರು ಹೇಳಿದ್ದಾರೆ. ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲು ಸಿಂಹವನ್ನು ಬರೆಯಲು ಒಬ್ಬ ಹುಡುಗ ಬೋನಿನ ಮುಂದೆ ಜೀವಂತ ಸಿಂಹ ನೋಡುತ್ತ ನಿಂತಿದ್ದ ಎಂಬುದು ನನಗೆ ಬಹಳ ಹಿಡಿಸಿತು. ಹಳೆಯದನ್ನು ಹಾಗೇ ನಕಲು ಮಾಡಿದರೆ ಸಾಲದು ಎಂದು ಆ ಗುರುಗಳಿಗೆ ಗೊತ್ತಿತ್ತು.

ಅಶೋಕನನ್ನು ಕಲಾವಿದರು ಮತ್ತೆ ರೂಪಿಸಿದ್ದು ಅದೇ ಮೊದಲಲ್ಲ. ಕಲಬುರಗಿ ಜಿಲ್ಲೆಯ ಸನ್ನತಿಯ ಹತ್ತಿರ, ಭೀಮಾ ನದಿಯ ದಂಡೆಯಲ್ಲಿ ಕನಗನಹಳ್ಳಿ ಇದೆ. ಅಲ್ಲಿನ ಸ್ತೂಪದಲ್ಲಿ ಒಂದು ಶಿಲ್ಪ ಸಿಕ್ಕಿತು. ರಾಜ, ಪಕ್ಕದಲ್ಲಿ ರಾಣಿ, ಸುತ್ತ ಸೇವಕಿಯರು. ಜೊತೆಗೆ ಬ್ರಾಹ್ಮಿಯಲ್ಲಿ ‘ರಾಯ ಅಶೋಕ’ ಎಂಬ ಅರ್ಥದ ಬರಹ. ಅದನ್ನು ಕೆತ್ತಿದ್ದು ಅಶೋಕ ಸತ್ತು ತಲೆಮಾರುಗಳು ಕಳೆದ ಮೇಲೆ, ಸಾತವಾಹನರ ಕಾಲದಲ್ಲಿ. ಕೆತ್ತಿದವನು ಅಶೋಕನನ್ನು ನೋಡಿರಲು ಸಾಧ್ಯವೇ ಇಲ್ಲ. ತನ್ನ ಕಾಲದ ರಾಜನ ಉಡುಗೆ ತೊಡುಗೆಯನ್ನೇ ಅವನಿಗೆ ತೊಡಿಸಿರಬೇಕು. ಪ್ರತಿ ಕಾಲವೂ ತನಗೆ ಬೇಕಾದ ಅಶೋಕನನ್ನು ಮಾಡಿಕೊಳ್ಳುತ್ತದೆ.

ನಮ್ಮ ಕಾಲವೂ ಮಾಡಿಕೊಳ್ಳುತ್ತಿದೆ. 2022ರ ಜುಲೈನಲ್ಲಿ ಹೊಸ ಸಂಸತ್ ಭವನದ ಮೇಲೆ ಕಂಚಿನ ಸಿಂಹಗಳನ್ನು ಅನಾವರಣ ಮಾಡಿದಾಗ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ನಡೆದ ವಾದ ನೆನಪಾಯಿತು. ಆರೂವರೆ ಮೀಟರ್ ಎತ್ತರ, 9500 ಕೆಜಿ ತೂಕ. ಸಾರನಾಥದ ಮೂಲ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಹೊಸ ಸಿಂಹಗಳು ಹಲ್ಲು ಕಿರಿದು ಗರ್ಜಿಸುತ್ತಿವೆ, ಹಳೆಯವು ಶಾಂತವಾಗಿದ್ದವು ಎಂದು ಕೆಲವರು. ದೊಡ್ಡದು ಮಾಡಿ ಕೆಳಗಿಂದ ನೋಡಿದರೆ ಹಾಗೇ ಕಾಣುವುದು, ಬಾಯಿ ಮೂಲದಲ್ಲೂ ತೆರೆದೇ ಇದೆ ಎಂದು ಇನ್ನು ಕೆಲವರು. ವಾದ ಸುಪ್ರೀಂ ಕೋರ್ಟಿನ ತನಕ ಹೋಗಿ ಅರ್ಜಿ ವಜಾ ಆಯಿತು. ನಾನಂತೂ ಅಂದು ಅನ್ನಕ್ಕೆ ಮೊಸರು ಕಲಸುತ್ತ, ಇದಕ್ಕೆಲ್ಲ ಇಷ್ಟು ಜಗಳ ಯಾಕೆ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಸಿಂಹದ ಮುಖ ಹೇಗಿರಬೇಕು ಎಂಬ ಜಗಳ ನಾವು ಹೇಗಿರಬೇಕು ಎಂಬ ಜಗಳವೇ.

ಇಲ್ಲಿ ಹೈದರಾಬಾದಿನಲ್ಲಿ ಅಂಥ ಜಗಳ ಇನ್ನೂ ಹತ್ತಿರದ್ದು. ತೆಲಂಗಾಣದ ಲಾಂಛನದಲ್ಲಿ ವಾರಂಗಲ್ಲಿನ ಕಾಕತೀಯರ ತೋರಣವಿದೆ, ಅದರೊಳಗೆ ಚಾರ್‌ಮಿನಾರ್ ಇದೆ, ಮೇಲೆ ಅಶೋಕನ ಸಿಂಹಗಳಿವೆ. 2024ರ ಮೇ ತಿಂಗಳಲ್ಲಿ ಅದನ್ನು ಬದಲಿಸುವ ಮಾತು ಬಂತು. ರಾಜರ ಗುರುತು ಬೇಡ, ಹೋರಾಡಿದ ಜನರ ಗುರುತಿರಲಿ ಎಂದು ಒಂದು ಕಡೆ. ನಮ್ಮ ತೋರಣ, ನಮ್ಮ ಚಾರ್‌ಮಿನಾರ್ ಮುಟ್ಟಬೇಡಿ ಎಂದು ಇನ್ನೊಂದು ಕಡೆ. ನಮ್ಮ ಟೀಮಿನಲ್ಲಿಯೇ ಎರಡು ಪಕ್ಷ ಆದವು. ಒಬ್ಬ ಗೆಳೆಯ ನನ್ನ ಕಡೆ ತಿರುಗಿ, “ನೀನು ಕರ್ನಾಟಕದವನು, ನಿನಗಿದು ಅರ್ಥ ಆಗೋದಿಲ್ಲ ಬಿಡು” ಎಂದ. ನಗುತ್ತಲೇ ಹೇಳಿದ. ನಾನೂ ನಕ್ಕೆ.

ಆದರೆ ನನ್ನ ಮುತ್ಯಾ ಬದುಕಿದ್ದರೆ ನಗುತ್ತಿರಲಿಲ್ಲ. ಅವರು ಹುಟ್ಟಿದ್ದು ಚಾರ್‌ಮಿನಾರಿನ ರಾಜ್ಯದಲ್ಲಿಯೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. 1948ರ ಸೆಪ್ಟೆಂಬರಿನಲ್ಲಿ ಅವರ ಊರು ಭಾರತಕ್ಕೆ ಸೇರಿತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ಕರ್ನಾಟಕವಾಯಿತು. ‘ಹೈದರಾಬಾದ್ ಕರ್ನಾಟಕ’ ಎಂಬ ನಮ್ಮ ಸೀಮೆಯ ಹೆಸರು 2019ರಲ್ಲಿ ‘ಕಲ್ಯಾಣ ಕರ್ನಾಟಕ’ ಆಗುವ ಹೊತ್ತಿಗೆ ಮುತ್ಯಾ ಇರಲಿಲ್ಲ. ಅವರು ಊರು ಬಿಟ್ಟು ಎಲ್ಲೂ ಹೋಗಲಿಲ್ಲ. ಊರೇ ಅವರನ್ನು ಹೊತ್ತುಕೊಂಡು ರಾಜ್ಯದಿಂದ ರಾಜ್ಯಕ್ಕೆ ಹೋಯಿತು. ಅವರು ಬಿಟ್ಟುಹೋದ ಹೊಲದ ಕಾಗದಗಳು ಉರ್ದುವಿನಲ್ಲಿವೆ. ಅಪ್ಪನಿಗೆ ಉರ್ದು ಮಾತು ಬರುತ್ತದೆ, ಓದಲು ಬರುವುದಿಲ್ಲ. ಕೆಲವು ವರ್ಷದ ಹಿಂದೆ ಪಾಲುಪಟ್ಟಿಯ ವಿಷಯ ಬಂದಾಗ ಆ ಕಾಗದ ಹಿಡಿದು ಇಲ್ಲಿಗೆ ಬಂದಿದ್ದರು. ಚಾರ್‌ಮಿನಾರಿನ ಹತ್ತಿರ ಒಬ್ಬ ಹಿರಿಯರು ಓದಿ ಹೇಳಿದರು. ಕೊನೆಯಲ್ಲಿ ಬೆರಳಿಟ್ಟು, “ಇದು ನಿಮ್ಮ ತಂದೆಯವರ ಸಹಿ” ಎಂದರು. ಅಪ್ಪ ಆ ಸಹಿಯನ್ನು ಬಹಳ ಹೊತ್ತು ನೋಡಿದರು. ತಮ್ಮ ತಂದೆಯ ಹೆಸರನ್ನು ತಾವೇ ಓದಲಾರದೆ ನಿಂತಿದ್ದರು.

ಮಗಳ ಕೊನೆಯ ಪುಟ ಇನ್ನೂ ಖಾಲಿ ಇತ್ತು. ಸೆಪ್ಟೆಂಬರ್ 17ಕ್ಕೆ ಗಣೇಶ ನಿಮಜ್ಜನದ ರಜೆ. ಮೆರವಣಿಗೆಗಳು ಹೊರಡುವ ಮೊದಲೇ, ನಸುಕಿನಲ್ಲಿ ಮೂವರೂ ಕಾರಿನಲ್ಲಿ ಹೊರಟೆವು. ಅದೇ ದಿನ 1948ರಲ್ಲಿ ನಿಜಾಮರ ರಾಜ್ಯ ಮುಗಿದದ್ದು. ಈ ಒಂದು ದಿನಕ್ಕೆ ಹೈದರಾಬಾದಿನಲ್ಲಿ ಎಷ್ಟು ಹೆಸರು! ಕೇಂದ್ರದವರಿಗೆ ವಿಮೋಚನಾ ದಿನ, ಹಿಂದಿನ ರಾಜ್ಯ ಸರ್ಕಾರಕ್ಕೆ ರಾಷ್ಟ್ರೀಯ ಏಕತಾ ದಿನ, ಈಗಿನವರಿಗೆ ಪ್ರಜಾಪಾಲನಾ ದಿನ. ಕೃಷ್ಣಾ ನದಿ ದಾಟಿ ರಾಯಚೂರಿಗೆ ಬಂದರೆ ಅದೇ ದಿನ ಕಲ್ಯಾಣ ಕರ್ನಾಟಕ ಉತ್ಸವ. ದಾರಿಯುದ್ದಕ್ಕೂ ಹಾರುತ್ತಿದ್ದ ಧ್ವಜ ಒಂದೇ. “ಬರ್ತ್‌ಡೇ ಒಂದ, ಹೆಸರು ಬ್ಯಾರೆ ಬ್ಯಾರೆ?” ಎಂದು ಮಗಳು ಕೇಳಿದಳು. ಹೌದು ಅಂದೆ. ಅದಕ್ಕಿಂತ ಚೆನ್ನಾಗಿ ಹೇಳಲು ನನಗೂ ಬರುತ್ತಿರಲಿಲ್ಲ.

ಅಪ್ಪ ಮಸ್ಕಿಯಲ್ಲೇ ಕಾಯುತ್ತಿದ್ದರು, ಕೈಯಲ್ಲಿ ರೊಟ್ಟಿ, ಶೇಂಗಾ ಹಿಂಡಿಯ ಗಂಟು. ಮೊಣಕಾಲು ನೋವು ಇದ್ದರೂ ಗುಡ್ಡ ಹತ್ತುವುದಾಗಿ ಹಟ ಹಿಡಿದರು. ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟು, ನಿಂತು ನಿಂತು ಹತ್ತಿದರು. “ನಾವು ಸಣ್ಣಾವ್ರಿದ್ದಾಗ ಇಲ್ಲಿ ನಿಧಿ ಐತಿ ಅಂತಿದ್ರು. ಆ ಬರಹ ಓದಾಕ ಬಂದವ್ರಿಗೆ ನಿಧಿ ಸಿಗ್ತೈತಿ ಅಂತ.”

“ಸಿಕ್ತಾ ಮುತ್ಯಾ?”

“ಓದಿದವ್ರಿಗೆ ಸಿಕ್ಕೈತಿ.”

ಕಲ್ಲು ನೋಡಿದರೆ ನಿರಾಸೆಯೇ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಸಿಂಹವಿಲ್ಲ, ಕಂಬವಿಲ್ಲ, ಹೊಳಪಿಲ್ಲ. ಒರಟು ಬಂಡೆಯ ಮೇಲೆ ಕೆಲವೇ ಸಾಲು, ಅಲ್ಲಲ್ಲಿ ಸವೆದು ಹೋದ ಅಕ್ಷರ. ಮಗಳು ಎರಡು ನಿಮಿಷ ನೋಡಿ, “ಇಷ್ಟೇನಾ?” ಎಂದಳು.

ಅದರಲ್ಲಿ ಬರೆದಿರುವುದನ್ನು ನಾನು ಓದಿಕೊಂಡು ಬಂದಿದ್ದೆ, ಅವಳಿಗೆ ಹೇಳಿದೆ. ತಾನು ಬುದ್ಧನ ದಾರಿ ಹಿಡಿದು ಎರಡೂವರೆ ವರ್ಷವಾಯಿತು ಎಂದು ರಾಜ ಇಲ್ಲಿ ಹೇಳುತ್ತಾನೆ. ಈ ಧರ್ಮದ ಫಲ ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಶ್ರದ್ಧೆಯಿಂದ ನಡೆದರೆ ಸಣ್ಣವರಿಗೂ ಸಿಗುತ್ತದೆ, ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಿ ಎನ್ನುತ್ತಾನೆ. ಕಲ್ಲಿನಲ್ಲಿರುವ ಸಂದೇಶ ಇಷ್ಟೇ. ಸಾರನಾಥದ ಸಿಂಹಗಳು ಪಾಸ್‌ಪೋರ್ಟಿನ ಮೇಲೆ, ನೋಟಿನ ಮೇಲೆ, ಅಧಿಕಾರಿಗಳ ಪತ್ರದ ತಲೆಯ ಮೇಲೆ ಕೂತು ಸರ್ಕಾರದ ಮಾತಾದವು. ಅದೇ ರಾಜ ನಮ್ಮ ಸೀಮೆಯ ಗುಡ್ಡದಲ್ಲಿ ಸಣ್ಣವರ ಜೊತೆ ಮಾತಾಡಿದ್ದ. ಮಾತು ಅಲ್ಲೇ ಇತ್ತು, ನಾನು ಬಸ್ಸಿನಿಂದ ಇಳಿದಿರಲಿಲ್ಲ.

ರಾಷ್ಟ್ರದ ಗತಕಾಲ ನಮಗೆ ಹೆಚ್ಚಾಗಿ ಮುದ್ರೆಯಾಗಿಯೇ ಸಿಗುತ್ತದೆ. ಎಲ್ಲರಿಗೂ ಒಂದೇ ಅಳತೆಯ, ಎಲ್ಲೆಡೆ ಒಂದೇ ಥರದ ಮುದ್ರೆ. ದೇಶ ನಡೆಯಲು ಅದು ಬೇಕು, ಬೇಡವೆನ್ನುವುದಿಲ್ಲ. ಆದರೆ ಮುದ್ರೆ ಒಂದೇ ಗೊತ್ತಿದ್ದರೆ ಅದನ್ನು ಯಾರು ಬೇಕಾದರೂ ತಮಗೆ ಬೇಕಾದಂತೆ ಒತ್ತಬಹುದು. ಅದರ ಹಿಂದಿನ ಕಲ್ಲು ಗೊತ್ತಿದ್ದರೆ, ಇವನು ಹೀಗಂದಿದ್ದ ಎಂದು ಕೇಳುವ ಧೈರ್ಯ ಬರುತ್ತದೆ. ಹೆಮ್ಮೆಗಿಂತ ಈ ಧೈರ್ಯ ಹೆಚ್ಚು ಬಾಳುತ್ತದೆ ಎಂದು ನನಗೆ ಅನ್ನಿಸುತ್ತದೆ. ನಮ್ಮೂರಿನ ಕಲ್ಲು ದೊಡ್ಡದು ಎಂದು ಆಫೀಸಿನಲ್ಲಿ ಬೀಗಲು ನಾನು ಅಲ್ಲಿಗೆ ಹೋಗಿದ್ದರೆ, ಅದೂ ಇನ್ನೊಂದು ಮುದ್ರೆಯೇ ಆಗುತ್ತಿತ್ತು.

ಗುಡ್ಡದ ನೆರಳಲ್ಲಿ ರೊಟ್ಟಿ ತಿನ್ನುವಾಗ ಅಪ್ಪನಿಗೆ ನಾನು ಓದಿದ ಇನ್ನೊಂದು ವಿಷಯ ಹೇಳಿದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ ಅಶೋಕನ ಶಾಸನವಿದೆ. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದದ್ದು. ಅದರ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ. ಆದರೆ ಚಪಡ ತಾನು ಲಿಪಿಕಾರ ಎಂದು ಹೇಳಿಕೊಳ್ಳುವ ಕೊನೆಯ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಎಂದರೆ ಗಾಂಧಾರದ ಕಡೆಯ ಲಿಪಿ, ಉರ್ದುವಿನಂತೆ ಬಲದಿಂದ ಎಡಕ್ಕೆ ಬರೆಯುವುದು. ಮೊಳಕಾಲ್ಮುರಿನಲ್ಲಿ ಆಗ ಅದನ್ನು ಓದುವವರು ಇದ್ದಿರಲಾರರು. ಅವನು ವಾಯವ್ಯದ ಕಡೆಯಿಂದ ಕೆಲಸಕ್ಕೆ ಬಂದವನಿರಬೇಕು ಎಂದು ವಿದ್ವಾಂಸರು ಊಹಿಸುತ್ತಾರೆ.

ಬಂದವನು ರಾಜನ ಮಾತನ್ನೆಲ್ಲ ಈ ನಾಡಿಗೆ ಗೊತ್ತುಮಾಡಿದ ಲಿಪಿಯಲ್ಲಿ ತಪ್ಪಿಲ್ಲದೆ ಬರೆದ. ಕೊನೆಗೆ ತನ್ನ ಕಸುಬಿನ ಹೆಸರು ಬರೆಯುವಾಗ ಕೈ ತಾನಾಗಿಯೇ ಊರಿನ ಅಕ್ಷರಕ್ಕೆ ತಿರುಗಿತೋ, ಬೇಕೆಂದೇ ಬರೆದನೋ. ದಿನವಿಡೀ ಇಂಗ್ಲಿಷಿನಲ್ಲಿ ಕೋಡ್, ತೆಲುಗಿನಲ್ಲಿ ತರಕಾರಿ, ಹಿಂದಿಯಲ್ಲಿ ಆಟೋ ಎಂದು ಬದುಕುವ ನನಗೆ, ಪುಣೆಯಲ್ಲೋ ಚೆನ್ನೈಯಲ್ಲೋ ಕೂತು ಇದನ್ನು ಓದುತ್ತಿರುವ ನಿಮಗೆ, ಚಪಡ ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಅಪ್ಪ ಎಲ್ಲ ಕೇಳಿ, “ನಿನ್ನ ಮುತ್ಯಾನ ಸಹಿ ಇದ್ದಂಗ” ಎಂದಷ್ಟೇ ಹೇಳಿದರು.

ಅಲ್ಲಿಂದ ಬಂದ ಮೇಲೆ ಮಗಳು ಕೊನೆಯ ಪುಟ ತುಂಬಿಸಿದಳು. ಬಂಡೆಯ ಚಿತ್ರ, ಪಕ್ಕದಲ್ಲಿ ಕೋಲು ಹಿಡಿದ ಮುತ್ಯಾ. ಶಾಲೆಯವರು ಪ್ರಾಜೆಕ್ಟ್ ಹಿಂದಿರುಗಿಸಿದಾಗ ಆ ಪುಟದ ಮೇಲೆ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು, ಅಂಕ ಇರಲಿಲ್ಲ. ಪುಸ್ತಕದಲ್ಲಿ ಇಲ್ಲದ್ದು ಎಂದಿರಬೇಕು. ಹೋಗಿ ಕೇಳೋಣ ಎಂದೆ. ಅವಳು, “ಬ್ಯಾಡ ಬಿಡಪ್ಪಾ, ನಾನ ಮಿಸ್‌ಗೆ ಹೇಳ್ತೀನಿ” ಎಂದಳು. ಹೇಳಿದಳಂತೆ. ಮಿಸ್ ಆಕೆಯನ್ನು ಕ್ಲಾಸಿನ ಮುಂದೆ ನಿಲ್ಲಿಸಿ ಎಲ್ಲರಿಗೂ ಹೇಳು ಎಂದರಂತೆ. ಅಂಕ ಬಂತೋ ಇಲ್ಲವೋ, ಇಬ್ಬರೂ ವಿಚಾರಿಸಲಿಲ್ಲ.

ಆ ಪುಟ ಈಗ ನಮ್ಮ ಫ್ರಿಜ್ಜಿನ ಮೇಲಿದೆ. ಎಲ್ಲ ಇಂಗ್ಲಿಷಿನಲ್ಲಿ ಬರೆದು, ಕೆಳಗೆ ತನ್ನ ಹೆಸರನ್ನು ಮಾತ್ರ ಕನ್ನಡದಲ್ಲಿ ಬರೆದಿದ್ದಾಳೆ. ನಾನು ಅವಳಿಗೆ ಕನ್ನಡ ಬರೆಯಲು ಸರಿಯಾಗಿ ಕಲಿಸಿಲ್ಲ. ಶನಿವಾರ, ಭಾನುವಾರ ಎಂದು ಮುಂದೂಡುತ್ತಲೇ ಬಂದೆ. ಶಾಲೆಯಲ್ಲಿ ಕಲಿತ ತೆಲುಗು ಅವಳ ಕೈಯಲ್ಲಿ ಕೂತಿದೆ, ಹಾಗಾಗಿ ಅಕ್ಷರಗಳ ತಲಕಟ್ಟು ತೆಲುಗಿನ ಹಾಗೆ ಮೇಲಕ್ಕೆ ಚಿಮ್ಮಿದೆ. ತಿದ್ದಬೇಕೆಂದು ಪೆನ್ಸಿಲ್ ಹಿಡಿದು, ಹಾಗೇ ಇಟ್ಟೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕನ್ನಡ ಕ್ಲಾಸು ಶುರು ಮಾಡಿದ್ದೇವೆ. ಫೋನಿನ ಆ ಕಡೆ ಮೇಷ್ಟ್ರು, ಮುತ್ಯಾ.